‘ವಿಮಾನದಲ್ಲಿ ಒಯ್ಯಲು ಯೋಗ್ಯ’ ಎಂದು ಮಾರುವ ಉಡುಗೊರೆ ಪೆಟ್ಟಿಗೆ: ಕೊಳ್ಳುವ ಮುನ್ನ ಓದಿ

ಹುತ್ತರಿಯಿಂದ ಕ್ರಿಸ್ಮಸ್‌ವರೆಗಿನ ವಾರಗಳಲ್ಲಿ ಕೊಡಗಿನ ಅಂಗಡಿಗಳಲ್ಲೂ ಮೊಬೈಲಿನ ಜಾಹೀರಾತುಗಳಲ್ಲೂ ಪ್ರಯಾಣಿಕರಿಗೆಂದೇ ಕಟ್ಟಿದ ಸಿದ್ಧ ಉಡುಗೊರೆ ಪೆಟ್ಟಿಗೆಗಳು ಕಾಣಿಸಿಕೊಳ್ಳುತ್ತವೆ. ಸೇನೆ, ವ್ಯಾಪಾರಿ ಹಡಗು, ಕೊಲ್ಲಿ ದೇಶಗಳ ನೌಕರಿ ಎಂದು ಸದಾ ಓಡಾಟದಲ್ಲಿರುವವರು ನಮ್ಮ ಜಿಲ್ಲೆಯಲ್ಲಿ ಬೇಕಾದಷ್ಟು ಮಂದಿ ಇರುವುದರಿಂದ ಇವುಗಳಿಗೆ ಗಿರಾಕಿಗಳ ಕೊರತೆಯಿಲ್ಲ. ಕಳೆದ ಹುತ್ತರಿಗೆ ನಾವು ಇಂಥ ಎರಡು ಪೆಟ್ಟಿಗೆಗಳನ್ನು ತರಿಸಿದೆವು. ಒಂದು, ವ್ಯಾಪಾರಿ ಹಡಗಿನಲ್ಲಿ ಎಂಜಿನಿಯರ್ ಆಗಿರುವ ನನ್ನ ತಮ್ಮನಿಗೆ; ಇನ್ನೊಂದು, ಕೆಲಸದ ಮೇಲೆ ತಿಂಗಳಿಗೊಮ್ಮೆಯಾದರೂ ವಿಮಾನ ಹತ್ತುವ ಚಿಕ್ಕಮ್ಮನ ಮಗಳಿಗೆ. ಮಾರಾಟಗಾರರ ಹೆಸರನ್ನು ಇಲ್ಲಿ ಬರೆಯುವುದಿಲ್ಲ, ಏಕೆಂದರೆ ದೂರು ಇನ್ನೂ ಇತ್ಯರ್ಥವಾಗಿಲ್ಲ. ಆದರೆ ಪೆಟ್ಟಿಗೆಯೊಳಗೆ ಏನಿತ್ತು, ಅದರಲ್ಲಿ ಯಾವುದು ಎಲ್ಲಿ ಸಿಕ್ಕಿಬಿತ್ತು ಎಂಬುದನ್ನು ತಿಳಿದುಕೊಂಡರೆ ಬೇರೆಯವರ ಹಣವಾದರೂ ಉಳಿದೀತು.

ಮುಚ್ಚಳದ ಮೇಲೆ ಪುಟ್ಟ ವಿಮಾನದ ಚಿತ್ರ, ಅದರ ಕೆಳಗೆ ಹೊಂಬಣ್ಣದಲ್ಲಿ ‘ವಿಮಾನದಲ್ಲಿ ಒಯ್ಯಲು ಯೋಗ್ಯ’ ಎಂಬ ಬರಹ. ಒಳಗೆ ಪವರ್ ಬ್ಯಾಂಕ್, ಎಲ್ಲ ದೇಶಗಳಿಗೂ ಆಗುತ್ತದೆಂಬ ಪ್ಲಗ್ ಅಡಾಪ್ಟರ್, ಅಂಗೈಯಗಲದ ವಿದ್ಯುತ್ ಕೆಟಲ್, ಕಾಲು ಲೀಟರ್ ಜೇನು, ಒಂದು ಸೀಸೆ ಕಾಚಂಪುಳಿ (ಕೊಡಗಿನ ಅಡುಗೆಯ ಕಪ್ಪು ಹುಳಿರಸ), ಲೇಬಲ್ ಇಲ್ಲದ ಹೋಮ್‌ಮೇಡ್ ವೈನ್ ಮತ್ತು ಕೋಳಿ ಸಾರಿನ ಮಸಾಲೆ ಪುಡಿ. ಬೆಲೆ ಪೆಟ್ಟಿಗೆಯೊಂದಕ್ಕೆ ನಾಲ್ಕು ಸಾವಿರ ರೂಪಾಯಿಗೂ ಮಿಗಿಲು. ಹಣ ಕಳಿಸುವ ಮೊದಲೇ ನಾನು ವಾಟ್ಸಾಪ್‌ನಲ್ಲಿ, ಇದು ಕಣ್ಣೂರಿನಿಂದ ಅಬುಧಾಬಿಗೆ ಹೋಗುವವರಿಗೆ, ತೊಂದರೆಯೇನೂ ಇಲ್ಲವಷ್ಟೆ ಎಂದು ಕೇಳಿದ್ದೆ. ‘ಎಲ್ಲರೂ ತಗೊಂಡು ಹೋಗ್ತಾರೆ ಅಕ್ಕ, ನೀವು ತಲೆಬಿಸಿ ಮಾಡ್ಬೇಡಿ’ ಎಂಬ ಉತ್ತರ ಬಂದಿತ್ತು. ಆ ಸಂದೇಶವನ್ನು ಅಳಿಸದೆ ಇಟ್ಟುಕೊಂಡದ್ದು ಮುಂದೆ ಉಪಯೋಗಕ್ಕೆ ಬಂತು.

ಮೊದಲ ಪೆಟ್ಟು ಬಿದ್ದದ್ದು ಪವರ್ ಬ್ಯಾಂಕಿಗೆ. ಕೊಡಗಿನಲ್ಲಿ ರೈಲೂ ಇಲ್ಲ, ವಿಮಾನ ನಿಲ್ದಾಣವೂ ಇಲ್ಲ. 2018ರ ಡಿಸೆಂಬರಿನಲ್ಲಿ ಕಣ್ಣೂರು ನಿಲ್ದಾಣ ಆರಂಭವಾದ ಮೇಲೆ ದಕ್ಷಿಣ ಕೊಡಗಿನವರಿಗೆ ಮಾಕುಟ್ಟ ಘಾಟಿ ಇಳಿದು, ಇರಿಟ್ಟಿ ದಾಟಿ ಮಟ್ಟನ್ನೂರು ತಲುಪುವುದೇ ಹತ್ತಿರದ ದಾರಿ. ತಮ್ಮನನ್ನು ಅಲ್ಲಿ ಇಳಿಸಿ ನಾವು ಹಿಂತಿರುಗಿದೆವು. ಭದ್ರತಾ ತಪಾಸಣೆಯಲ್ಲಿ ಸಿಐಎಸ್‌ಎಫ್ ಸಿಬ್ಬಂದಿ ಪವರ್ ಬ್ಯಾಂಕನ್ನು ತಿರುಗಿಸಿ ನೋಡಿ, ‘50,000 ಎಂಎಎಚ್’ (ಮಿಲಿ ಆಂಪಿಯರ್-ಅವರ್) ಎಂಬ ಸಾಮರ್ಥ್ಯದ ಬರಹದ ಮೇಲೆ ಬೆರಳಿಟ್ಟು, ಇದು ಹೋಗುವುದಿಲ್ಲ ಎಂದರಂತೆ. ಬಿಡಲು ಬಂದವರು ಇದ್ದರೆ ಅವರ ಕೈಗೆ ಕೊಟ್ಟು ಬರಬಹುದು, ಇಲ್ಲವಾದರೆ ಇಲ್ಲೇ ಬಿಡಬೇಕು ಎಂದೂ ಹೇಳಿದರಂತೆ. ಅಷ್ಟು ಹೊತ್ತಿಗೆ ನಾವು ಮಾಕುಟ್ಟದ ಕಾಡಿನ ನಡುವೆ, ಮೊಬೈಲ್ ಸಿಗ್ನಲ್ ಇಲ್ಲದ ಜಾಗದಲ್ಲಿದ್ದೆವು.

ಅವರು ಮಾಡಿದ್ದು ಸರಿಯಾಗಿಯೇ ಇತ್ತು. ಲಿಥಿಯಂ ಬ್ಯಾಟರಿಗಳ ವಿಷಯದಲ್ಲಿ ವಿಮಾನಯಾನದ ಲೆಕ್ಕ ನಡೆಯುವುದು ಬ್ಯಾಟರಿ ಹಿಡಿದಿಡುವ ಶಕ್ತಿಯ ಅಳತೆಯಾದ ವ್ಯಾಟ್-ಅವರ್‌ನಲ್ಲಿ. ನೂರರವರೆಗೆ ಅನುಮತಿ ಬೇಕಿಲ್ಲ. ನೂರರಿಂದ ನೂರ ಅರವತ್ತರವರೆಗೆ ವಿಮಾನ ಸಂಸ್ಥೆಯ ಒಪ್ಪಿಗೆ ಬೇಕು. ಅದಕ್ಕಿಂತ ಹೆಚ್ಚಿನದನ್ನು ಪ್ರಯಾಣಿಕರು ಒಯ್ಯುವಂತೆಯೇ ಇಲ್ಲ. ಎಂಎಎಚ್ ಅಂಕಿಯನ್ನು ಸೆಲ್ಲಿನ ವೋಲ್ಟೇಜ್ ಆದ 3.7ರಿಂದ ಗುಣಿಸಿ ಸಾವಿರದಿಂದ ಭಾಗಿಸಿದರೆ ವ್ಯಾಟ್-ಅವರ್ ಸಿಗುತ್ತದೆ. 20,000ಕ್ಕೆ 74, 27,000ಕ್ಕೆ ನೂರರ ಅಂಚು, 50,000ಕ್ಕೆ 185. ಪವರ್ ಬ್ಯಾಂಕನ್ನು ಕೈಚೀಲದಲ್ಲಿಯೇ ಇಡಬೇಕು, ಚೆಕ್-ಇನ್ ಸಾಮಾನಿನಲ್ಲಿ ಹಾಕುವಂತಿಲ್ಲ, ಏಕೆಂದರೆ ಹೊತ್ತಿಕೊಂಡ ಬ್ಯಾಟರಿಯನ್ನು ಪ್ರಯಾಣಿಕರ ನಡುವೆಯಾದರೆ ಸಿಬ್ಬಂದಿ ನೋಡಿ ಆರಿಸಬಲ್ಲರು, ಸಾಮಾನಿನ ಒಡಲಲ್ಲಿ ಅದು ಕೈಗೆಟುಕುವುದಿಲ್ಲ. 2025ರ ಜನವರಿಯಲ್ಲಿ ದಕ್ಷಿಣ ಕೊರಿಯಾದ ಗಿಮ್ಹೇ ನಿಲ್ದಾಣದಲ್ಲಿ ಏರ್ ಬುಸಾನ್ ವಿಮಾನಕ್ಕೆ ಬೆಂಕಿ ಬಿದ್ದ ಬಳಿಕ ಹಲವು ಸಂಸ್ಥೆಗಳು ಇನ್ನಷ್ಟು ಬಿಗಿಯಾದವು; ಎಮಿರೇಟ್ಸ್ ಅದೇ ವರ್ಷದ ಅಕ್ಟೋಬರಿನಿಂದ ವಿಮಾನದೊಳಗೆ ಪವರ್ ಬ್ಯಾಂಕ್ ಬಳಸುವುದನ್ನೇ ನಿಷೇಧಿಸಿತು.

ನಿಜವಾದ ವಂಚನೆ ತಿಳಿದದ್ದು ಎರಡನೆಯ ಪೆಟ್ಟಿಗೆಯನ್ನು ಬಿಚ್ಚಿದಾಗ. ಅದರಲ್ಲಿದ್ದ ಪವರ್ ಬ್ಯಾಂಕನ್ನು ಅಡುಗೆಮನೆಯ ತಕ್ಕಡಿಯ ಮೇಲಿಟ್ಟರೆ ಮುನ್ನೂರು ಗ್ರಾಂ ಕೂಡ ತೂಗಲಿಲ್ಲ. ಒಳ್ಳೆಯ ಕಂಪನಿಗಳ 20,000 ಎಂಎಎಚ್ ಪವರ್ ಬ್ಯಾಂಕುಗಳೇ ಸುಮಾರು 350ರಿಂದ 450 ಗ್ರಾಂ ಇರುತ್ತವೆ. ಇಂಥವುಗಳಲ್ಲಿ ಸಾಮಾನ್ಯವಾಗಿ ಬಳಸುವ ಉರುಟು ಸೆಲ್ ಒಂದು ಸುಮಾರು 45 ಗ್ರಾಂ ತೂಗಿ, ಹೆಚ್ಚೆಂದರೆ ಮೂರು ಸಾವಿರ ಚಿಲ್ಲರೆ ಎಂಎಎಚ್ ಕೊಡುತ್ತದೆ. ಐವತ್ತು ಸಾವಿರ ನಿಜವಾಗಿದ್ದಿದ್ದರೆ ಸೆಲ್‌ಗಳೇ ಮುಕ್ಕಾಲು ಕಿಲೋ ಸಮೀಪ ತೂಗಬೇಕಿತ್ತು. ಅಂದರೆ ಅಂಕಿಯೇ ಸುಳ್ಳು. ಒಳಗಿರುವುದು ಪ್ರಾಯಶಃ ಯಾವ ವಿಮಾನದಲ್ಲೂ ಹೋಗಬಹುದಾದ ಸಣ್ಣ ಬ್ಯಾಟರಿ. ಆದರೆ ತಪಾಸಣೆಯವರು ನೋಡುವುದು ಮೇಲೆ ಬರೆದಿರುವುದನ್ನು. ಆದ್ದರಿಂದ ಮಾರಾಟಕ್ಕಾಗಿ ಹಿಗ್ಗಿಸಿದ ಸುಳ್ಳೇ ಅದನ್ನು ಕಣ್ಣೂರಿನಲ್ಲಿ ಉಳಿಸಿತು. ಪವರ್ ಬ್ಯಾಂಕುಗಳಿಗೆ ನಮ್ಮಲ್ಲಿ ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ನೋಂದಣಿ ಕಡ್ಡಾಯ. ‘ಆರ್’ ಅಕ್ಷರದಿಂದ ಆರಂಭವಾಗುವ ಆ ಸಂಖ್ಯೆಯನ್ನು ‘ಬಿಐಎಸ್ ಕೇರ್’ ಆ್ಯಪ್‌ನಲ್ಲಿ ಹಾಕಿ ಪರಿಶೀಲಿಸಬಹುದು. ಇದರ ಮೇಲೆ ಆ ಸಂಖ್ಯೆ ಇರಲಿಲ್ಲ, ತಯಾರಕರ ವಿಳಾಸವೂ ಇರಲಿಲ್ಲ. ಅಂಕಿ ಅಳಿಸಿಹೋಗಿರುವ, ಓದಲು ಬಾರದ ಪವರ್ ಬ್ಯಾಂಕನ್ನೂ ತಡೆಯಬಹುದು ಎಂಬುದು ನೆನಪಿರಲಿ. ತಳದಲ್ಲಿ ಅಂಟಿಸಿದ ಸ್ಟಿಕ್ಕರ್ ಎರಡು ತಿಂಗಳಲ್ಲಿ ಸವೆಯುತ್ತದೆ, ಅಚ್ಚೊತ್ತಿದ ಅಕ್ಷರ ಉಳಿಯುತ್ತದೆ.

ಪವರ್ ಬ್ಯಾಂಕ್ ಹೋದದ್ದು ದುಡ್ಡಿನ ನಷ್ಟ. ಮಸಾಲೆ ಪುಡಿ ಅದಕ್ಕಿಂತ ದೊಡ್ಡ ಅಪಾಯ ತಂದೊಡ್ಡುತ್ತಿತ್ತು. ಹೊರಡುವ ಹಿಂದಿನ ರಾತ್ರಿ ಸಾಮಾನು ಕಟ್ಟುವಾಗ ಅಮ್ಮ ಕನ್ನಡಕ ಹಾಕಿಕೊಂಡು ಪೊಟ್ಟಣದ ಹಿಂಬದಿಯ ಸಣ್ಣ ಅಕ್ಷರಗಳನ್ನು ಓದುತ್ತಾ ಕೊತ್ತಂಬರಿ, ಕರಿಮೆಣಸು, ಚಕ್ಕೆ ದಾಟಿ ‘ಗಸಗಸೆ’ ಎಂದಾಗ ತಮ್ಮ ಅದನ್ನು ಕೈಯಿಂದ ತೆಗೆದುಕೊಂಡು ಪಕ್ಕಕ್ಕಿಟ್ಟ. ಗಸಗಸೆ ಅಫೀಮು ಗಿಡದ ಬೀಜ. ನಮ್ಮ ಅಡುಗೆಮನೆಯಲ್ಲಿ ಅದು ಪಾಯಸಕ್ಕೂ ಸಾರಿಗೂ ಬೀಳುವ ಸಾಮಾನು. ಸಂಯುಕ್ತ ಅರಬ್ ಸಂಸ್ಥಾನ, ಸೌದಿ ಅರೇಬಿಯಾ, ಸಿಂಗಪುರಗಳಲ್ಲಿ ಅದು ಮಾದಕ ವಸ್ತುಗಳ ಕಾನೂನಿನಡಿ ಬರುವ ನಿಷಿದ್ಧ ವಸ್ತು, ಸಿಕ್ಕಿದರೆ ಬಂಧನಕ್ಕೂ ದಾರಿಯಾಗಬಹುದು. ಹಡಗು ಹತ್ತಲು ಹೊರಟವನೊಬ್ಬ ಅಬುಧಾಬಿಯಲ್ಲಿ ಕಸ್ಟಮ್ಸ್‌ನವರ ಮುಂದೆ ಕೋಳಿ ಸಾರಿನ ಪುಡಿಗಾಗಿ ನಿಲ್ಲುವುದನ್ನು ಊಹಿಸಿಕೊಳ್ಳಲೂ ಮನಸ್ಸು ಬರುವುದಿಲ್ಲ. ಕೊಲ್ಲಿಯತ್ತ ಹೋಗುವವರಿಗೆ ಮಸಾಲೆ ಕೊಡುವುದಾದರೆ ಗಸಗಸೆಯಿಲ್ಲದೆ ಮನೆಯಲ್ಲೇ ಹುರಿದು ಕುಟ್ಟಿಸಿ ಕೊಡಿ. ಸಿದ್ಧ ಪೊಟ್ಟಣವಾದರೆ ಹಿಂಬದಿ ಓದದೆ ಕೊಡಬೇಡಿ. ವೀಳ್ಯದೆಲೆಯೂ ಅಲ್ಲಿಗೆ ಸಲ್ಲದು.

ವೈನ್ ವಿಚಾರ ಚಿಕ್ಕದು. ವಿಮಾನದ ಸಾಮಾನಿನಲ್ಲಿ ಮದ್ಯ ಒಯ್ಯುವವರಿಂದ ವಿಮಾನ ಸಂಸ್ಥೆಗಳು ಸಾಮಾನ್ಯವಾಗಿ ಕೇಳುವುದು ಅಂಗಡಿಯ ಮೊಹರು ಮಾಡಿದ ಸೀಸೆಯನ್ನು. ಕಾರ್ಕ್ ಒತ್ತಿ ರಿಬ್ಬನ್ ಕಟ್ಟಿದ ಸೀಸೆ ಆ ಲೆಕ್ಕಕ್ಕೆ ಬರುವುದಿಲ್ಲ, ಕುವೈತ್‌ನಂಥ ದೇಶಕ್ಕಂತೂ ಯಾವ ಸೀಸೆಯೂ ಹೋಗುವಂತಿಲ್ಲ. ಜೇನು, ಕಾಚಂಪುಳಿಗಳೂ ದ್ರವಗಳೇ. 2006ರಲ್ಲಿ ಲಂಡನ್ನಿನಲ್ಲಿ ದ್ರವ ಸ್ಫೋಟಕಗಳ ಸಂಚು ಬಯಲಾದ ಮೇಲೆ ಬಂದ ನೂರು ಮಿಲಿಲೀಟರಿನ ಮಿತಿ ಅಂತರರಾಷ್ಟ್ರೀಯ ಪ್ರಯಾಣದ ಕೈಚೀಲಕ್ಕೆ ನಮ್ಮಲ್ಲಿ ಇಂದಿಗೂ ಇದೆ, ಹಾಗಾಗಿ ಕಾಲು ಲೀಟರಿನ ಸೀಸೆ ಚೆಕ್-ಇನ್ ಪೆಟ್ಟಿಗೆಗೇ ಹೋಗಬೇಕು. ನಮ್ಮ ಕಾಚಂಪುಳಿಯ ಸೀಸೆಗೆ ಒಳಮುಚ್ಚಳವೇ ಇರಲಿಲ್ಲ. ಅದು ತಮ್ಮನ ಬಟ್ಟೆಗಳ ನಡುವೆ ಸೋರಿದ್ದರೆ ಆ ಕಪ್ಪು ಕಲೆ ಯಾವ ಸೋಪಿಗೂ ಬಗ್ಗುತ್ತಿರಲಿಲ್ಲವೆಂದು ಹಂದಿ ಮಾಂಸ ಬೇಯಿಸಿದ ಪ್ರತಿಯೊಬ್ಬರಿಗೂ ಗೊತ್ತು. ನ್ಯೂಜಿಲೆಂಡಿಗೆ ಹೋಗುವವರಿಗೆ ಜೇನನ್ನು ಕೊಡಲೇಬೇಡಿ. ಅಲ್ಲಿ ಪ್ರಯಾಣಿಕರು ಜೇನು ತರುವಂತಿಲ್ಲ, ಆಹಾರ ಪದಾರ್ಥವನ್ನು ಘೋಷಿಸದೆ ಸಿಕ್ಕಿಬಿದ್ದರೆ ಸ್ಥಳದಲ್ಲೇ 400 ಡಾಲರ್ ದಂಡ. ಹಾಗೆಯೇ ಮನೆಯವರು ಪ್ರೀತಿಯಿಂದ ಹಾಕುವ ಒಣ ಕೊಬ್ಬರಿ ಗಿಟುಕನ್ನು ಚೆಕ್-ಇನ್ ಪೆಟ್ಟಿಗೆಯಿಂದ ತೆಗೆಸುತ್ತಾರೆ. ಎಣ್ಣೆಯಂಶ ಹೆಚ್ಚಿರುವ ಅದು ತಾನೇ ಬಿಸಿಯೇರಿ ಹೊತ್ತಿಕೊಳ್ಳಬಲ್ಲ ಸರಕುಗಳ ಗುಂಪಿಗೆ ಸೇರಿದೆ.

ಅಡಾಪ್ಟರ್ ತಮ್ಮನ ಜೊತೆ ಹೋಯಿತು, ಆದರೆ ಅವನು ಅದನ್ನು ಬಳಸಲಿಲ್ಲ. ಅದರ ಅರ್ತ್ ಪಿನ್ ಪೂರ್ತಿ ಪ್ಲಾಸ್ಟಿಕ್, ಒಳಗೆ ಫ್ಯೂಸ್ ಇಲ್ಲ. ಬ್ರಿಟನ್, ಸಿಂಗಪುರ, ಅರಬ್ ಸಂಸ್ಥಾನಗಳಲ್ಲಿ ಇರುವ ಮೂರು ಚಪ್ಪಟೆ ಕಾಲಿನ ಪ್ಲಗ್ಗಿನಲ್ಲಿ ಫ್ಯೂಸ್ ಇರಲೇಬೇಕು. ಇನ್ನು, ಅಡಾಪ್ಟರ್ ಪಿನ್ನಿನ ಆಕಾರವನ್ನು ಬದಲಿಸುತ್ತದೆಯೇ ಹೊರತು ವೋಲ್ಟೇಜನ್ನಲ್ಲ. ಮೊಬೈಲ್, ಲ್ಯಾಪ್‌ಟಾಪ್‌ಗಳ ಚಾರ್ಜರ್ ಮೇಲೆ ‘100–240’ ಎಂದಿರುವುದರಿಂದ ಅವಕ್ಕೆ ಎಲ್ಲಿಯೂ ತೊಂದರೆಯಿಲ್ಲ, ಆದರೆ ಪೆಟ್ಟಿಗೆಯಲ್ಲಿದ್ದ ಕೆಟಲ್ 230 ವೋಲ್ಟಿಗೆ ಮಾತ್ರ ತಯಾರಾದದ್ದು. ಅಮೆರಿಕದ 120 ವೋಲ್ಟಿನಲ್ಲಿ ಅದರ ಶಾಖ ಸುಮಾರು ಕಾಲು ಭಾಗಕ್ಕೆ ಇಳಿಯುತ್ತದೆ. ಜಪಾನಿನ 100 ವೋಲ್ಟಿನಲ್ಲಿ ಇನ್ನೂ ಕಡಿಮೆ. ಚಹಾಕ್ಕೆ ನೀರಿಟ್ಟು ಕಾದು ಕೂತವರ ಗತಿ ಏನಾದೀತು! ತಮ್ಮನ ಹಡಗಿನಲ್ಲಂತೂ ಬೆಂಕಿಯ ಭಯದಿಂದ ಸ್ವಂತ ಕೆಟಲ್‌ಗೆ ಅವಕಾಶವೇ ಇಲ್ಲವಂತೆ. ಹೀಗೆ ಅಷ್ಟು ದುಡ್ಡಿನ ಪೆಟ್ಟಿಗೆಯಲ್ಲಿ ಅವನ ಉಪಯೋಗಕ್ಕೆ ಬಂದದ್ದು ಏನೂ ಇಲ್ಲ.

ಹಣ ವಾಪಸು ಕೇಳಿದಾಗ, ತೆರೆದ ಪೆಟ್ಟಿಗೆಯನ್ನು ಹಿಂಪಡೆಯುವುದಿಲ್ಲವೆಂದೂ ನಿಲ್ದಾಣದ ನಿಯಮಗಳಿಗೆ ತಾವು ಹೊಣೆಯಲ್ಲವೆಂದೂ ಮಾರಾಟಗಾರರು ಉತ್ತರಿಸಿದರು. ‘ವಿಮಾನದಲ್ಲಿ ಒಯ್ಯಲು ಯೋಗ್ಯ’ ಎಂದು ಅಚ್ಚು ಹಾಕಿಸಿದವರು ಯಾರು ಎಂಬ ಪ್ರಶ್ನೆಗೆ ಉತ್ತರ ಬರಲಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದೋಷವಿರುವ ವಸ್ತುವನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳದಿದ್ದರೆ ಮೂವತ್ತು ದಿನಗಳೊಳಗೆ ಹಿಂಪಡೆಯಲು ನಿರಾಕರಿಸುವುದು ಅನುಚಿತ ವ್ಯಾಪಾರ ಪದ್ಧತಿ. ದೂರನ್ನು ಗ್ರಾಹಕರು ತಾವಿರುವ ಜಿಲ್ಲೆಯಲ್ಲೇ ಸಲ್ಲಿಸಬಹುದು, ಐದು ಲಕ್ಷ ರೂಪಾಯಿವರೆಗಿನ ವ್ಯವಹಾರಕ್ಕೆ ಶುಲ್ಕವೂ ಇಲ್ಲ. ನಾವು ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ, ವಾಟ್ಸಾಪ್ ಸಂದೇಶ, ಹಣ ಪಾವತಿಯ ದಾಖಲೆ ಮತ್ತು ತಕ್ಕಡಿಯ ಮೇಲಿಟ್ಟ ಪವರ್ ಬ್ಯಾಂಕಿನ ಫೋಟೊ ಕೊಟ್ಟೆವು. ಆಮೇಲೆ ಮಾರಾಟಗಾರರು ಅರ್ಧ ಹಣ ಕೊಡಲು ಮುಂದೆ ಬಂದಿದ್ದಾರೆ, ನಾವು ಒಪ್ಪಿಲ್ಲ.

ಸದಾ ತಿರುಗುವವರಿಗೆ ಕೊಡಲು ಹಾಗಾದರೆ ಏನು ಉಳಿಯಿತು ಎಂದು ಕೇಳುವವರಿಗೆ ನನ್ನ ಅನುಭವದ ಮಾತು ಇಷ್ಟು. ಒಳನಾಡಿನ ವಿಮಾನಗಳಲ್ಲಿ ಸಾಮಾನ್ಯವಾಗಿ ಸಿಗುವುದು ಹದಿನೈದು ಕಿಲೋ ಸಾಮಾನು, ಏಳು ಕಿಲೋ ಕೈಚೀಲ. ಆದ್ದರಿಂದ ಹಗುರವಾದದ್ದೇ ಒಳ್ಳೆಯದು. ಹುರಿದು ಪುಡಿ ಮಾಡಿದ ಕಾಫಿ ಬಹುತೇಕ ಕಡೆಗೆ ನಿರಾತಂಕವಾಗಿ ಹೋಗುತ್ತದೆ. ಕೊಡಗಿನ ಅರೇಬಿಕಾಕ್ಕೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ, ಕೊಡುವವರಿಗೂ ಅದು ಹೆಮ್ಮೆಯೇ. ಅಮೆರಿಕಕ್ಕೆ ಹೋಗುವವರು ಮಾತ್ರ ಪುಡಿಯ ದೊಡ್ಡ ಪೊಟ್ಟಣವನ್ನು ಕೈಚೀಲದಲ್ಲಿ ಇಡದಿರುವುದು ಲೇಸು, 350 ಮಿಲಿಲೀಟರಿಗಿಂತ ಹೆಚ್ಚಿನ ಗಾತ್ರದ ಪುಡಿಯನ್ನು ಅಲ್ಲಿಗೆ ಹೋಗುವ ವಿಮಾನಗಳಲ್ಲಿ ಪ್ರಶ್ನಿಸುತ್ತಾರೆ. ಏಲಕ್ಕಿ, ಕರಿಮೆಣಸು ಕೊಡಬಹುದು, ಆದರೆ ಆಸ್ಟ್ರೇಲಿಯಾಕ್ಕೆ ಹೋಗುವವರು ಅದನ್ನು ಬಂದಿಳಿದಾಗ ತಪ್ಪದೆ ಘೋಷಿಸಬೇಕು. ಬ್ಯಾಟರಿ ಇರುವ ವಸ್ತುವನ್ನೇ ಕೊಡಬೇಕೆಂದಿದ್ದರೆ ವ್ಯಾಟ್-ಅವರ್ ಅಚ್ಚೊತ್ತಿರುವ, ನೋಂದಣಿ ಸಂಖ್ಯೆಯಿರುವ 10,000 ಎಂಎಎಚ್‌ನದ್ದು ಸಾಕು. ಒಳಗೆ ಬ್ಯಾಟರಿ ಕೂರಿಸಿದ ಟ್ರಾಲಿ ಬ್ಯಾಗ್ ಕೊಳ್ಳುವುದಾದರೆ ಬ್ಯಾಟರಿ ಕೈಯಿಂದ ಕಳಚಲು ಬರುತ್ತದೆಯೇ ಎಂದು ಅಂಗಡಿಯಲ್ಲೇ ಕಳಚಿ ನೋಡಿ, ಕಳಚಲಾಗದಂಥವನ್ನು ವಿಮಾನ ಸಂಸ್ಥೆಗಳು 2018ರಿಂದಲೇ ನಿರಾಕರಿಸುತ್ತಿವೆ. ಎಲ್ಲಕ್ಕಿಂತ ಮೊದಲು, ಹೊರಡುವವರನ್ನೇ ಮುಂದಿನ ಊರು ಯಾವುದೆಂದು ಕೇಳಿ. ಅಚ್ಚರಿಗೊಳಿಸುವ ಆಸೆಯಲ್ಲಿ ಗುಟ್ಟಾಗಿ ಕೊಂಡ ಉಡುಗೊರೆಗಳೇ ಹೆಚ್ಚಾಗಿ ತಪಾಸಣೆಯ ಮೇಜಿನ ಮೇಲೆ ಉಳಿಯುತ್ತವೆ.

ಅದೇ ಪೆಟ್ಟಿಗೆ ಈಗ ಕೆಂಪು ಕಾಗದ ಸುತ್ತಿಕೊಂಡು ಕ್ರಿಸ್ಮಸ್ ಹೆಸರಿನಲ್ಲಿ ಮತ್ತೆ ಮಾರಾಟಕ್ಕಿದೆ. ವಿಮಾನದ ಚಿತ್ರ ಹಾಗೆಯೇ ಇದೆ, ಮಸಾಲೆ ಪುಡಿಯೂ ಇದೆ. ಪವರ್ ಬ್ಯಾಂಕಿನ ಮೇಲಿನ ಅಂಕಿ ಮಾತ್ರ 30,000ಕ್ಕೆ ಇಳಿದಿದೆ. ಅದರ ಲೆಕ್ಕ 111 ವ್ಯಾಟ್-ಅವರ್, ಅಂದರೆ ವಿಮಾನ ಸಂಸ್ಥೆಯ ಅನುಮತಿಯಿಲ್ಲದೆ ಅದೂ ಹೋಗುವುದಿಲ್ಲ.