ಪೆನ್ ಟೆಸ್ಟರ್: ಪ್ಯಾನೆಲ್ ಕೆಲ್ಸಕ್ಕೆ ಓಕೆ, ಗಣಿ ಕೇಬಲ್‌ಗೆ ಬೇಡ

ಮುಟ್ಟದೇನೇ ವೋಲ್ಟೇಜ್ ಇದ್ಯೋ ಇಲ್ವೋ ತೋರ್ಸೋ ಈ ಪೆನ್‌ಗೆ ಎಲ್ರೂ ಐದು ಸ್ಟಾರ್ ಕೊಟ್ಟಿದ್ದಾರೆ, ಮನೆ ವೈರಿಂಗ್ ಮಾಡೋರಿಗೆ ಸರಿ ಇರ್ಬೋದು, ಆದ್ರೆ ಗಣೀಲಿ ಎಲೆಕ್ಟ್ರಿಷಿಯನ್ ಆಗಿರೋ ನನ್ ಕಡೆಯಿಂದ ಮೂರೇ.

ಒಳ್ಳೇದು ಮೊದ್ಲು ಹೇಳ್ಬಿಡ್ತೀನಿ. ಗಟ್ಟಿಮುಟ್ಟಾಗಿದೆ, ಜೇಬಲ್ಲಿ ಕೂರತ್ತೆ, ಕ್ಯಾಟ್ 4, 1000 ವೋಲ್ಟ್ ರೇಟಿಂಗ್ (ಮೇನ್ ಸಪ್ಲೈ ಬರೋ ಕಡೇನೂ ಬಳಸ್ಬೋದು ಅನ್ನೋ ಸುರಕ್ಷತಾ ದರ್ಜೆ) ಇದೆ, ಮಾಮೂಲಿ ಸಿಂಗಲ್ ವೈರ್ ಹತ್ರ ಹಿಡಿದ್ರೆ ತಕ್ಷಣ ಕೂಗತ್ತೆ.

ತೊಂದ್ರೆ ಇರೋದು ಟ್ರೇಲಿಂಗ್ ಕೇಬಲ್ (ಓಡಾಡೋ ಮಷೀನ್ ಹಿಂದೆ ಎಳ್ಕೊಂಡು ಹೋಗೋ ಕೇಬಲ್) ಹತ್ರ. ಶವೆಲ್‌ಗೆ, ಅಂದ್ರೆ ಅಗೆಯೋ ದೊಡ್ಡ ಮಷೀನ್‌ಗೆ, ಹೋಗೋ ಹೈ ವೋಲ್ಟೇಜ್ ಕೇಬಲಲ್ಲಿ ಒಂದೊಂದು ಕೋರ್ (ಒಳಗಿನ ವೈರ್) ಸುತ್ತಾನೂ ಅರ್ತ್ ಮಾಡಿರೋ ಶೀಲ್ಡ್ (ಲೋಹದ ಹೊದಿಕೆ) ಇರತ್ತೆ, ಈ ಪೆನ್ ಹುಡ್ಕೋದು ವೈರಿಂದ ಆಚೆ ಬರೋ ಎಸಿ ಫೀಲ್ಡ್‌ನ, ಶೀಲ್ಡ್ ಅದನ್ನ ಆಚೆ ಬಿಡೋದೇ ಇಲ್ಲ, ಹಂಗಾಗಿ ಒಳಗೆ ಲೈನ್ ಲೈವ್ ಇದ್ರೂ ಪೆನ್ ಗಪ್‌ಚುಪ್. ಕೂಗ್ಲಿಲ್ವಲ್ಲ ಅಂತ ಜಾಯಿಂಟ್ ಹಾಕೋಕೆ ಚಾಕು ಇಟ್ರೆ ಮುಗೀತು. ಡಿಸಿದೂ ಇದೇ ಕಥೆ, ಗಣಿ ರೈಲಿಂಜಿನ್‌ಗೆ ಮೇಲಿಂದ ಕರೆಂಟ್ ಕೊಡೋ ಟ್ರಾಲಿ ಲೈನು, ಬ್ಯಾಟರಿ, ಆಮೇಲೆ ಮೋಟರ್ ಓಡ್ಸೋ ಡ್ರೈವ್ ಪ್ಯಾನೆಲ್ ಒಳಗಿನ ಕೆಪಾಸಿಟರ್, ಸಪ್ಲೈ ಆಫ್ ಮಾಡಿದ್ಮೇಲೂ ಸ್ವಲ್ಪ ಹೊತ್ತು ಚಾರ್ಜ್ ಹಿಡ್ಕೊಂಡಿರತ್ತೆ, ಪೆನ್‌ಗೆ ಅದು ಕಾಣೋದೇ ಇಲ್ಲ. ಅದಕ್ಕೇ ಕೂಗಿದ್ರೆ ಹಿಂದೆ ಸರೀತೀನಿ, ಕೂಗ್ಲಿಲ್ಲ ಅಂದ್ರೆ ಇನ್ನೂ ಏನೂ ಗೊತ್ತಾಗಿಲ್ಲ ಅಂತಾನೇ ಲೆಕ್ಕ ನಂಗೆ.

ಐಸೊಲೇಟರ್ (ಸಪ್ಲೈ ಪೂರ್ತಿ ಬೇರ್ಪಡಿಸೋ ಸ್ವಿಚ್) ಆಫ್ ಮಾಡಿ, ನನ್ನದೇ ಬೀಗ ಹಾಕಿ ಕೀ ಜೇಬಿಗಿಟ್ಟು, ಟ್ಯಾಗ್ ಕಟ್ಟಿ, ಆ ವೋಲ್ಟೇಜಿಗೆ ರೇಟ್ ಆಗಿರೋ ತಾಗ್ಸಿ ನೋಡೋ ಟೆಸ್ಟರನ್ನ ಮೊದ್ಲು ಲೈವ್ ಇರೋ ಕಡೆ, ಆಮೇಲೆ ಕೆಲ್ಸದ ಜಾಗದಲ್ಲಿ, ಟೆಸ್ಟರ್ ಕೆಟ್ಟಿಲ್ಲ ಅಂತ ಖಾತ್ರಿಗೆ ಮತ್ತೆ ಲೈವ್ ಕಡೆ ಹಿಡಿದು ನೋಡಿ ಅರ್ತ್ ಮಾಡೋದು ತಪ್ಪೋದಿಲ್ಲ, ಪೆನ್ ಇದ್ರೂ ಅಷ್ಟೇ ಇಲ್ದಿದ್ರೂ ಅಷ್ಟೇ. ಪ್ಯಾನೆಲ್ ಬಾಗ್ಲು ತೆಗೆದು ಪೆನ್ ತೂರ್ಸೋರು ಇನ್ನೊಂದು ಮರೀತಾರೆ, ಶಾಕ್ ಹೊಡೀದಿದ್ರೂ ಒಳಗೆ ಆರ್ಕ್ (ಕರೆಂಟ್ ಗಾಳೀಲಿ ಹಾರಿ ಏಳೋ ಭಾರೀ ಬಿಸಿ ಕಿಡಿ) ಎದ್ರೆ ಮುಖ ಕೈ ಸುಟ್ಟೋಗತ್ತೆ, ಫೇಸ್ ಶೀಲ್ಡ್ ಮತ್ತೆ ಆರ್ಕ್ ರೇಟೆಡ್ ಬಟ್ಟೆ ಬೇಕೇ ಬೇಕು.

ಸಣ್ಣಪುಟ್ಟ ಕಿರಿಕಿರಿ: ಡ್ರಿಲ್ ಸದ್ದಲ್ಲಿ ಬೀಪ್ ಕೇಳ್ಸಲ್ಲ, ಬಿಸ್ಲಲ್ಲಿ ಲೈಟ್ ಕಾಣಲ್ಲ, ರಬ್ಬರ್ ಗ್ಲೌಸ್ ಮೇಲೆ ಲೆದರ್ ಗ್ಲೌಸ್ ಹಾಕ್ಕೊಂಡ್ರೆ ಬಟನ್ ಒತ್ತೋಕೇ ಬರಲ್ಲ. ತಗೊಳ್ಳೋದಾದ್ರೆ ವೈಬ್ರೇಟ್ ಆಗೋ ಮಾಡೆಲ್ ನೋಡಿ.

ಮಾರೋರು ಪೇಜಲ್ಲಿ "ಎಲ್ಲಾ ಥರದ ಗಣಿಗೂ ಸೂಕ್ತ" ಅಂತ ಹಾಕಿದ್ದಾರೆ. ಮಿಥೇನ್ ಇರೋ ಕಲ್ಲಿದ್ದಲು ಗಣಿ ಒಳಗೆ ಒಯ್ಯೋಕೆ ಇಂಟ್ರಿನ್ಸಿಕಲಿ ಸೇಫ್ (ಗ್ಯಾಸ್‌ಗೆ ಬೆಂಕಿ ಹೊತ್ಸೋವಷ್ಟು ಕಿಡಿ ಬರಲ್ಲ) ಅನ್ನೋ ಸರ್ಟಿಫಿಕೇಟ್ ಬೇಕು, ಈ ಪೆನ್ ಮೇಲಾಗ್ಲಿ ಡಬ್ಬದ ಮೇಲಾಗ್ಲಿ ಆ ಮಾರ್ಕೇ ಇಲ್ಲ, ದಯವಿಟ್ಟು ಆ ಸಾಲು ತೆಗೀರಿ.