ಖಾಸಗಿ ವಿಹಾರ ಕೆರೆ: ನೀರಿಗೆ ಪೂರ್ಣ ಅಂಕ, ಕೋಡಿಗೆ ಇಲ್ಲ

ಒಂದೇ ಕುಟುಂಬದ ಒಡೆತನದಲ್ಲಿರುವ ಈ ಕೆರೆಗೆ ನಾವು ಒಂದು ವರ್ಷದ ಅಂತರದಲ್ಲಿ ಎರಡು ಬಾರಿ ಹೋಗಿ, ಎರಡು ಸಲವೂ ಎರಡೆರಡು ದಿನ ಉಳಿದಿದ್ದೇವೆ. ಸಣ್ಣ ತೊರೆಯೊಂದಕ್ಕೆ ಅಡ್ಡಲಾಗಿ ಮಣ್ಣಿನ ಏರಿ ಹಾಕಿ ನೀರು ನಿಲ್ಲಿಸಿದ್ದಾರೆ. ಈ ನೀರು ಬೇಸಾಯಕ್ಕೂ ಕುಡಿಯಲಿಕ್ಕೂ ಹೋಗುವುದಿಲ್ಲ. ದೋಣಿ ನಡೆಸುವುದು, ಈಜುವುದು, ಗಾಳ ಹಾಕಿ ಕೂರುವುದು ಇಷ್ಟೇ ಇದರ ಬಳಕೆ. ಇಂಥ ಜಾಗಗಳ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಕೊಠಡಿ, ಊಟ, ನೋಟಗಳಿಗೇ ನಿಲ್ಲುತ್ತಾರೆ. ಇಲ್ಲಿರುವುದೆಲ್ಲವೂ ಆ ಏರಿಯೊಂದನ್ನೇ ನಂಬಿಕೊಂಡಿರುವುದರಿಂದ, ನಾನು ಏರಿಯ ಬಗ್ಗೆಯೇ ಹೆಚ್ಚು ಬರೆಯುತ್ತೇನೆ.

ದೋಣಿಗಳು ಸುಸ್ಥಿತಿಯಲ್ಲಿವೆ, ಪ್ರತಿಯೊಬ್ಬರಿಗೂ ಅಳತೆಗೆ ಸರಿಹೊಂದುವ ಲೈಫ್ ಜಾಕೆಟ್ ಕೊಡುತ್ತಾರೆ. ಈಜುವ ಜಾಗವನ್ನು ತೇಲುವ ಹಗ್ಗದಿಂದ ಬೇರ್ಪಡಿಸಿ, ತೂಬಿನಿಂದ ಬಹಳ ದೂರದಲ್ಲಿ ಇಟ್ಟಿರುವುದು ನನಗೆ ವಿಶೇಷವಾಗಿ ಮೆಚ್ಚುಗೆಯಾಯಿತು. ತೂಬು ತೆರೆದಿರುವಾಗ ಅದರ ಬಾಯಿಗೆ ನೀರು ಎಳೆದುಕೊಳ್ಳುವುದು ಮೇಲ್ಮೈಯಲ್ಲಿ ಕಾಣಿಸದೆ ಹೋಗಬಹುದು. ಹತ್ತಿರ ಮುಳುಗಿದವರನ್ನು ಆ ಒತ್ತಡ ಬಾಯಿಗೆ ಅಂಟಿಸಿಬಿಟ್ಟರೆ ಬಿಡಿಸಿಕೊಳ್ಳುವುದು ಒಳ್ಳೆಯ ಈಜುಗಾರನಿಗೂ ಆಗದ ಮಾತು.

ಬೆಳಗ್ಗೆ ಏರಿಯ ಮೇಲೆ ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದೆ. ಅಲೆ ಬಡಿಯುವ ಒಳಮೈಗೆ ಕಲ್ಲು ಹಾಸಿದ್ದಾರೆ, ಎಲ್ಲಿಯೂ ಕಲ್ಲು ಜಾರಿಲ್ಲ. ಹೊರಮೈಯ ಹುಲ್ಲನ್ನು ಗಿಡ್ಡವಾಗಿ ಕತ್ತರಿಸಿದ್ದಾರೆ. ಇದು ಅಂದಕ್ಕಾಗಿ ಮಾತ್ರವಲ್ಲ, ಹುಲ್ಲು ಗಿಡ್ಡವಿದ್ದರೆ ತಾನೇ ಪ್ರಾಣಿಗಳು ತೋಡಿದ ಬಿಲ, ಬಿರುಕು, ಒದ್ದೆಯಾದ ಜಾಗ ಕಣ್ಣಿಗೆ ಬೀಳುವುದು? ಏರಿಯ ಬುಡದಲ್ಲಿ ನೀರು ಜಿನುಗುತ್ತಿತ್ತು. ಅದನ್ನು ಕಂಡು ನಮ್ಮ ಜೊತೆಗಿದ್ದವರು ಗಾಬರಿಯಾದರು, ಆದರೆ ಮಣ್ಣಿನ ಏರಿಯಲ್ಲಿ ಸ್ವಲ್ಪವೂ ಜಿನುಗದಂತೆ ಮಾಡುವುದು ಅಸಾಧ್ಯ. ಜಿನುಗುವ ನೀರು ತಿಳಿಯಾಗಿದೆಯೇ, ಅದರ ಪ್ರಮಾಣ ಏಕಾಏಕಿ ಏರಿದೆಯೇ ಎಂಬುದನ್ನು ನೋಡಬೇಕು. ಕಲಕಿದ ನೀರು ಬರತೊಡಗಿತೆಂದರೆ ಏರಿಯ ಒಡಲಿನ ಮಣ್ಣೇ ಕೊಚ್ಚಿ ಹೊರಬರುತ್ತಿದೆ ಎಂದು ತಿಳಿಯಬೇಕು. ಆ ಸವಕಳಿ ಒಳಗೊಳಗೇ ಕೊಳವೆಯಂತೆ ಹಿಂದಕ್ಕೆ ಬೆಳೆಯುತ್ತಾ ಕೆರೆಯನ್ನು ಮುಟ್ಟಿದರೆ ಏರಿ ಉಳಿಯುವುದಿಲ್ಲ. ಇಲ್ಲಿ ನೀರು ಕನ್ನಡಿಯಷ್ಟು ತಿಳಿಯಾಗಿತ್ತು. ಅದನ್ನು ಕಾಲುವೆಯೊಂದಕ್ಕೆ ಕೂಡಿಸಿ, ಮಧ್ಯೆ ತ್ರಿಕೋನ ಕಚ್ಚಿರುವ ಹಲಗೆ ನಿಲ್ಲಿಸಿ, ಕಚ್ಚಿನಲ್ಲಿ ನೀರು ಎಷ್ಟು ಎತ್ತರ ಹರಿಯುತ್ತದೆಂಬುದನ್ನು ಮಾಲೀಕರು ವಾರಕ್ಕೊಮ್ಮೆ ಪುಸ್ತಕದಲ್ಲಿ ಬರೆದಿಡುತ್ತಾರೆ. ಕೇಳಿದ ಕೂಡಲೇ ಆ ಪುಸ್ತಕವನ್ನು ತಂದು ತೋರಿಸಿದರು. ಇಷ್ಟು ಶ್ರದ್ಧೆಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ಇಷ್ಟು ಶ್ರದ್ಧೆಯಿರುವವರು ಕೋಡಿಯಲ್ಲಿ ಎಡವಿರುವುದರಿಂದಲೇ ನನಗೆ ಹೆಚ್ಚು ಬೇಸರವಾಗಿದೆ. ಕೆರೆಗೆ ಬಿಟ್ಟ ಮೀನುಗಳು ಕೋಡಿ ಹರಿಯುವಾಗ ತಪ್ಪಿಸಿಕೊಳ್ಳಬಾರದೆಂದು ಕೋಡಿಯ ಅಗಲಕ್ಕೂ ಕಬ್ಬಿಣದ ಜಾಲರಿ ಕಟ್ಟಿದ್ದಾರೆ. ದೋಣಿಗಳಿಗೆ ಆಳ ಸಾಲದೆಂದು ಅದರ ಬುಡಕ್ಕೆ ಎರಡು ಹಲಗೆಗಳನ್ನೂ ಕೂರಿಸಿದ್ದಾರೆ. ಮಳೆ ಜೋರಾದಾಗ ತೊರೆ ತರುವ ಕಡ್ಡಿ, ಎಲೆ, ಕೊಂಬೆಗಳೆಲ್ಲ ಜಾಲರಿಗೆ ಸಿಕ್ಕಿಕೊಂಡು ಅದು ಗೋಡೆಯಂತಾಗುತ್ತದೆ. ನೀರಿನ ಮಟ್ಟಕ್ಕೂ ಏರಿಯ ತಲೆಗೂ ನಡುವೆ ಬಿಟ್ಟಿರುವ ತೆರಪನ್ನು ಹಲಗೆಗಳು ಮೊದಲೇ ನುಂಗಿರುತ್ತವೆ. ಕಾಂಕ್ರೀಟಿನ ಅಣೆಕಟ್ಟು ಮೇಲಿಂದ ಉಕ್ಕಿದ ನೀರನ್ನು ಕೆಲಹೊತ್ತಾದರೂ ತಾಳಿಕೊಂಡೀತು, ಮಣ್ಣಿನ ಏರಿಗೆ ಆ ಶಕ್ತಿಯಿಲ್ಲ. ತಲೆಯ ತಗ್ಗಾದ ಜಾಗದಲ್ಲಿ ಹರಿಯತೊಡಗಿದ ನೀರು ಹೊರಮೈಯನ್ನು ಕೊರೆಯುತ್ತಾ ಬಂದು ಏರಿಯನ್ನೇ ಒಡೆಯುತ್ತದೆ.

ಇದು ನನ್ನ ಅತಿಯಾದ ಭಯವಲ್ಲ. ಅಮೆರಿಕದ ಪೆನ್ಸಿಲ್ವೇನಿಯಾದ ಸೌತ್ ಫೋರ್ಕ್ ಅಣೆಕಟ್ಟು ಕೂಡ ಮಣ್ಣಿನದೇ, ಖಾಸಗಿಯದೇ. ಮೂಲತಃ ಕಾಲುವೆಗೆ ನೀರೊದಗಿಸಲು ಕಟ್ಟಿದ್ದನ್ನು ಸಿರಿವಂತರ ಸಂಘವೊಂದು ಕೊಂಡು ವಿಹಾರಕ್ಕೆ ಬಳಸುತ್ತಿತ್ತು. ಅಲ್ಲಿಯೂ ಮೀನು ಹೋಗದಂತೆ ಕೋಡಿಗೆ ಜಾಲರಿ ಹಾಕಿದ್ದರು, ಗಾಡಿಗಳ ಓಡಾಟಕ್ಕಾಗಿ ಏರಿಯ ತಲೆಯನ್ನು ತಗ್ಗಿಸಿದ್ದರು. ತಳದಿಂದ ನೀರು ಹೊರಬಿಡುವ ಕೊಳವೆಗಳನ್ನು ಹಿಂದೆಯೇ ಕಿತ್ತುಹಾಕಲಾಗಿತ್ತು, ಯಾರೂ ಮತ್ತೆ ಹಾಕಲಿಲ್ಲ. 1889ರ ಮೇ 31ರಂದು ಭಾರಿ ಮಳೆಗೆ ನೀರು ಏರಿಯ ಮೇಲೆ ಉಕ್ಕಿ ಹರಿದು, ಸುಮಾರು 22 ಕಿ.ಮೀ. ಕೆಳಗಿದ್ದ ಜಾನ್ಸ್‌ಟೌನ್ ಪಟ್ಟಣ ಕೊಚ್ಚಿಹೋಗಿ 2,209 ಜನ ಸತ್ತರು. ನಾನು ನೋಡಿದ ಕೆರೆ ಅದರ ಮುಂದೆ ತೀರಾ ಚಿಕ್ಕದು, ನಿಜ. ಆದರೆ ಜಾರ್ಜಿಯಾ ರಾಜ್ಯದ ಟೊಕೋವಾ ಬಳಿ 1977ರ ನವೆಂಬರ್ 6ರಂದು ಒಡೆದ ಕೆಲ್ಲಿ ಬಾರ್ನ್ಸ್ ಅಣೆಕಟ್ಟೂ ದೊಡ್ಡದಾಗಿರಲಿಲ್ಲ. ಅಲ್ಲಿ 39 ಜನ ಪ್ರಾಣ ಕಳೆದುಕೊಂಡರು.

ಏರಿಯ ಬಲತುದಿಯಲ್ಲಿ, ನೆರಳಿಗೆಂದು ಉಳಿಸಿಕೊಂಡ ಮೂರು ಮರಗಳಿವೆ. ಅವುಗಳ ಕೆಳಗೆ ಬೆಂಚು ಹಾಕಿದ್ದಾರೆ, ಅಲ್ಲಿ ಕೂತರೆ ಏಳುವ ಮನಸ್ಸಾಗದು. ಆದರೂ ಏರಿಯ ಮೇಲೆ ಮರ ಬೆಳೆಯಬಾರದು: ಗಾಳಿಗೆ ಉರುಳಿದ ಮರ ಬುಡದ ಮಣ್ಣನ್ನೆಲ್ಲ ಕಿತ್ತುಕೊಂಡು ಬೀಳುತ್ತದೆ, ಸತ್ತ ಮರದ ಬೇರು ಕೊಳೆತು ನೀರಿಗೆ ದಾರಿಯಾಗುತ್ತದೆ. ಇಷ್ಟು ದಪ್ಪಗಾದ ಮೇಲೆ ಸುಮ್ಮನೆ ಕಡಿದರೂ ಬೇರು ಒಳಗೇ ಉಳಿಯುವುದರಿಂದ, ಇದನ್ನು ಬಲ್ಲ ಎಂಜಿನಿಯರರನ್ನು ಕರೆಸಿ ಬೇರುಸಹಿತ ತೆಗೆಸಿ ಮಣ್ಣು ತುಂಬಿ ಧಮ್ಮಸು ಮಾಡಿಸಬೇಕಾಗುತ್ತದೆ.

ಮೊದಲ ಸಲ ಹೊರಡುವಾಗ ಇದನ್ನೆಲ್ಲ ಮಾಲೀಕರಿಗೆ ಹೇಳಿದ್ದೆ. ಅವರು ಸಮಾಧಾನದಿಂದ ಕೇಳಿ ಬರೆದುಕೊಂಡರು. ಎರಡನೆಯ ಸಲ ಹೋದಾಗ ಹಲಗೆಗಳನ್ನು ತೆಗೆದಿದ್ದರು, ನೀರು ಇಳಿದದ್ದಕ್ಕೆ ದೋಣಿಕಟ್ಟೆಯನ್ನೇ ಮುಂದಕ್ಕೆ ಸರಿಸಿದ್ದರು. ಮರಗಳ ಕೆಲಸಕ್ಕೆ ಎಂಜಿನಿಯರರೊಬ್ಬರು ಬಂದು ನೋಡಿ ಹೋಗಿದ್ದರಂತೆ. ಜಾಲರಿ ಮಾತ್ರ ಹಾಗೆಯೇ ಇತ್ತು, ಅದರ ಕೆಳಭಾಗದಲ್ಲಿ ಹಿಂದಿನ ಮಳೆಯ ಕಸ ಗಟ್ಟಿಯಾಗಿ ಕೂತಿತ್ತು.

ಹಾಗಾಗಿ ಮಳೆಯಿಲ್ಲದ ದಿನಗಳಲ್ಲಿ ಈ ಜಾಗಕ್ಕೆ ನಾನು ಯಾರನ್ನಾದರೂ ಸಂತೋಷದಿಂದ ಕಳಿಸುತ್ತೇನೆ. ಉಳಿಯುವವರು ಏರಿಯ ಕೆಳಗೆ ತೊರೆಯ ಪಕ್ಕದಲ್ಲಿರುವ ನಾಲ್ಕು ಕುಟೀರಗಳನ್ನು ಬಿಟ್ಟು, ದಿಣ್ಣೆಯ ಮೇಲಿನ ಎರಡರಲ್ಲಿ ಒಂದನ್ನು ಕೇಳಿ ಪಡೆಯಿರಿ. ಅಲ್ಲಿಂದ ನೀರು ಕಾಣುವುದು ಸ್ವಲ್ಪ ಕಡಿಮೆ, ಆದರೆ ಜಾಲರಿ ಹೋಗುವ ತನಕ ನಾನು ನನ್ನ ಮಕ್ಕಳನ್ನು ಮಲಗಿಸುವುದು ಅಲ್ಲಿಯೇ.