‘ಸೀಲ್ ಕೂಡ ಒಡೆದಿಲ್ಲ ಸಾರ್’: ಹಳೇ ಟಿವಿ ಗೊಂಬೆ ಕೊಳ್ಳುವವರು ಇದನ್ನು ಓದಿ

ಮೈಸೂರು ಕುವೆಂಪುನಗರದ ಸಂಗ್ರಾಹಕರೊಬ್ಬರು ದಸರಾಕ್ಕೆ ಸ್ವಲ್ಪ ಮುಂಚೆ ಒಬ್ಬನೇ ಮಾರಾಟಗಾರನಿಂದ ಮೂರು ವಸ್ತು ಕೊಂಡರು. ರಟ್ಟಿನ ಮೇಲೆ ಪ್ಲಾಸ್ಟಿಕ್ ಗುಳ್ಳೆಯೊಳಗೆ ಸೀಲ್ ಆಗಿಯೇ ಇದ್ದ, ಕಾರ್ಟೂನ್ ವೀರ ಹೀ-ಮ್ಯಾನ್‌ನ ಗೊಂಬೆ, 1966ರ ಬ್ಯಾಟ್‌ಮನ್ ಧಾರಾವಾಹಿಯ ಕಾರಿನದ್ದೇ ಕೋರ್ಗಿ ಕಂಪನಿಯ ಆಟಿಕೆ ಮಾದರಿ, ಶಂಕರ್‌ನಾಗ್ ಸಹಿ ಇದೆಯೆನ್ನಲಾದ ‘ಮಾಲ್ಗುಡಿ ಡೇಸ್’ ಚಿತ್ರೀಕರಣದ ಫೋಟೊ. ದುಡ್ಡು ಪೂರ್ತಿ ಯುಪಿಐಯಲ್ಲಿ ಮುಂಗಡವಾಗಿ ಹೋಯಿತು. ಬಂದ ಮೂರರಲ್ಲಿ ಒಂದೂ ಹೇಳಿದಂತಿರಲಿಲ್ಲ. ದೂರು ದಾಖಲಾಗಿರುವುದರಿಂದ ಮಾರಿದವನ ಹೆಸರು ಇಲ್ಲಿಲ್ಲ. ಕೊಂಡವರ ಒಪ್ಪಿಗೆಯಿಂದ, ಆ ವಸ್ತುಗಳ ಮೇಲೆ ಕಂಡ ಗುರುತುಗಳನ್ನು ಇಲ್ಲಿ ಬರೆದಿದ್ದೇವೆ.

ಫೋನಿನಲ್ಲಿ ಆತ ಹೇಳಿದ್ದಿಷ್ಟು: “ಸಾರ್, ನಮ್ಮ ತಾತನ ಅಂಗಡಿ ಸ್ಟಾಕು. ಸೀಲ್ ಕೂಡ ಒಡೆದಿಲ್ಲ. ಬೆಂಗಳೂರಿನವರೊಬ್ಬರು ಇವತ್ತೇ ದುಡ್ಡು ಹಾಕ್ತೀನಿ ಅಂತ ಕೂತಿದಾರೆ.” ತಾತನ ಅಂಗಡಿ, ಒಡೆಯದ ಸೀಲು, ಕಾಯುತ್ತಿರುವ ಇನ್ನೊಬ್ಬ ಗಿರಾಕಿ. ಈ ಮೂರೂ ಒಟ್ಟಿಗೆ ಬಂದರೆ ಅಲ್ಲಿಗೇ ನಿಲ್ಲಿಸಿ. ಹಳೇ ಅಂಗಡಿಯ ಉಳಿಕೆ ಮಾಲು ಸಿಗುವುದೇ ಇಲ್ಲ ಎಂದಲ್ಲ, ಸಿಗುತ್ತದೆ. ಆದರೆ ಈ ಹವ್ಯಾಸದಲ್ಲಿ ಹೆಚ್ಚು ಬೆಲೆ ಇರುವುದೇ ಸೀಲ್ ಆದ ರಟ್ಟಿಗೆ, ಹಾಗಾಗಿ ಹೆಚ್ಚು ನಕಲಾಗುವುದೂ ಅದೇ.

ಮೊದಲು ಹೀ-ಮ್ಯಾನ್. ಅಮೆರಿಕದ ಆಟಿಕೆ ಕಂಪನಿ ಮ್ಯಾಟೆಲ್ ಈ ಗೊಂಬೆಗಳನ್ನು 1982ರಲ್ಲಿ ಮಾರುಕಟ್ಟೆಗೆ ತಂದಿತು. ಕಾರ್ಟೂನ್ ಧಾರಾವಾಹಿ ಶುರುವಾದದ್ದು 1983ರಲ್ಲಿ. ನಮ್ಮ ದೇಶದಲ್ಲಿ ಲಿಯೋ ಕಂಪನಿ ಪರವಾನಗಿ ಪಡೆದು ಇವನ್ನು ತಯಾರಿಸಿತ್ತು, ಆ ಭಾರತೀಯ ಗೊಂಬೆಗಳಿಗೆ ಈಗ ಹೊರದೇಶದಲ್ಲೂ ಬೇಡಿಕೆ ಇದೆ. ಗೊಂಬೆಯ ಬೆನ್ನಿನ ಮೇಲಿನ ‘1981’ ತೋರಿಸಿ, “ನೋಡಿ ಸಾರ್, ಮೊದಲನೇ ವರ್ಷದ್ದು” ಎಂದು ಆತ ಬೆಲೆ ಏರಿಸಿದ್ದ. ಅದು ಹಕ್ಕುಸ್ವಾಮ್ಯದ ವರ್ಷ. ಅದೇ ಅಚ್ಚಿನಲ್ಲಿ ಎಷ್ಟು ವರ್ಷ ಗೊಂಬೆ ಎರಕ ಹೊಯ್ದರೂ ಬೆನ್ನಿನ ಮೇಲೆ ಅದೇ ಸಂಖ್ಯೆ ಬರುತ್ತದೆ. ಆ ಸಂಖ್ಯೆಗೆ ಒಂದು ರೂಪಾಯಿಯನ್ನೂ ಹೆಚ್ಚು ಕೊಡಬೇಡಿ.

ಮೋಸ ಇದ್ದದ್ದು ರಟ್ಟಿನಲ್ಲಿ. ಗೊಂಬೆ ಹಳೆಯದೇ, ಆದರೆ ಯಾರೋ ಆಡಿ ಸವೆಸಿದ್ದು. ಅದನ್ನು ತೊಳೆದು, ಹೊಸದಾಗಿ ಮುದ್ರಿಸಿದ ರಟ್ಟಿನ ಮೇಲಿಟ್ಟು, ಹೊಸ ಪ್ಲಾಸ್ಟಿಕ್ ಗುಳ್ಳೆ ಅಂಟಿಸಿದ್ದರು. ಹತ್ತು ಪಟ್ಟು ದೊಡ್ಡದು ಮಾಡುವ ಭೂತಗನ್ನಡಿ ಹಿಡಿದರೆ ಇದು ಬಯಲಾಗುತ್ತದೆ. ಆ ಕಾಲದ ಆಫ್‌ಸೆಟ್ ಮುದ್ರಣದಲ್ಲಿ ಚಿತ್ರದ ಭಾಗ ಸಣ್ಣ ಬಣ್ಣದ ಚುಕ್ಕಿಗಳಿಂದ ಆಗಿದ್ದರೂ, ಕಪ್ಪು ಅಕ್ಷರಗಳು ಗಟ್ಟಿ ಕಪ್ಪಾಗಿ, ಅಂಚು ಚೂಪಾಗಿ ಇರುತ್ತವೆ. ಹಳೇ ರಟ್ಟನ್ನು ಸ್ಕ್ಯಾನ್ ಮಾಡಿ ಮರುಮುದ್ರಿಸಿದಾಗ ಅಕ್ಷರಗಳೂ ಚುಕ್ಕಿಗಳಾಗಿ ಒಡೆದು, ಅಂಚು ಮಸುಕಾಗುತ್ತದೆ. ಇಂಕ್‌ಜೆಟ್ ಆದರೆ ಶಾಯಿ ಸಿಂಪಡಿಸಿದ ಹಾಗೆ ಅಡ್ಡಾದಿಡ್ಡಿ ಚುಕ್ಕಿ. ಈ ರಟ್ಟಿನಲ್ಲಿ ತೀರಾ ಸಣ್ಣ ಅಕ್ಷರದ ಎಚ್ಚರಿಕೆ ಸಾಲು ಓದಲೂ ಬರುತ್ತಿರಲಿಲ್ಲ. ಕೈಯಲ್ಲಿ ಹಿಡಿದು ನೋಡಿದ್ದರೆ ಅರ್ಧ ನಿಮಿಷದ ಕೆಲಸ. ವಾಟ್ಸ್ಆ್ಯಪ್‌ನಲ್ಲಿ ಕುಗ್ಗಿ ಬಂದ ಫೋಟೊದಲ್ಲಿ ಇದು ಕಾಣುವುದೇ ಇಲ್ಲ.

ಗುಳ್ಳೆಯ ಅಂಚನ್ನೂ ನೋಡಬೇಕು. ಕಾರ್ಖಾನೆಯಲ್ಲಿ ಗುಳ್ಳೆಯನ್ನು ಬಿಸಿಯಿಂದ ಒತ್ತಿ ಕೂರಿಸುತ್ತಾರೆ. ಒತ್ತಿದ ಪಟ್ಟಿ ಸುತ್ತಲೂ ಒಂದೇ ಸಮ ಇರುತ್ತದೆ. ಮನೆಯಲ್ಲಿ ಅಂಟಿಸಿದ್ದರೆ ಅಂಟು ಎಲ್ಲೋ ಒಂದು ಕಡೆ ಹೊರಚೆಲ್ಲಿ ಹೊಳೆಯುತ್ತದೆ, ಇಲ್ಲವೇ ಗುಳ್ಳೆಯ ಅಡಿ ರಟ್ಟಿನ ಮೇಲ್ಪದರ ಹರಿದ ಬಿಳಿ ನಾರು ಕಾಣುತ್ತದೆ. ಮೊಬೈಲಿನ ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಾಯಿಸಿದರೆ ಸಾಕು. ರಟ್ಟಿನ ಮೂಲೆಗಳು ಕಂದು ಹತ್ತಿ, ಗುಳ್ಳೆ ಮಾತ್ರ ನೀರಿನಷ್ಟು ತಿಳಿಯಾಗಿದ್ದರೆ ಎರಡೂ ಒಂದೇ ಕಾಲದವಾಗಿರುವುದು ಕಷ್ಟ. ನೀಲಿ ಯುವಿ ಟಾರ್ಚ್ ಹಿಡಿದು ‘ಹೊಳೆದರೆ ನಕಲಿ’ ಎನ್ನುವವರಿದ್ದಾರೆ, ಅದನ್ನು ನೆಚ್ಚಬೇಡಿ. ಯುವಿ ಬೆಳಕಿನಲ್ಲಿ ಹೊಳೆಯುವ ಬಿಳುಪುಕಾರಕವನ್ನು ಕಾಗದಕ್ಕೆ ಬೆರೆಸುವುದು ಎಂಬತ್ತರ ದಶಕಕ್ಕಿಂತ ಬಹಳ ಮುಂಚೆಯೇ ಬಂದಿತ್ತು. ಪಕ್ಕದಲ್ಲಿ ಅಸಲಿ ಎಂದು ಖಚಿತವಾಗಿ ಗೊತ್ತಿರುವ ರಟ್ಟು ಇದ್ದರೆ ಮಾತ್ರ ಆ ಪರೀಕ್ಷೆಗೆ ಅರ್ಥ.

ಇನ್ನು ಬೆಲೆಚೀಟಿ. ರಟ್ಟಿನ ಮೂಲೆಯಲ್ಲಿ ದೇವರಾಜ ಅರಸು ರಸ್ತೆಯ ಅಂಗಡಿಯೊಂದರ ಚೀಟಿ ಅಂಟಿಸಿ, ಚಹಾ ನೀರು ಸವರಿ ಹಳೆಯದು ಮಾಡಿದ್ದರು. ಅದರ ಮೇಲೆ ₹ ಚಿಹ್ನೆ ಇತ್ತು. ಈ ಚಿಹ್ನೆ ಬಂದದ್ದು 2010ರ ಜುಲೈನಲ್ಲಿ. ಇಂಗ್ಲಿಷ್ ವಿಳಾಸದಲ್ಲಿ ಊರಿನ ಹೆಸರು ಈಗಿನ ಕಾಗುಣಿತದಲ್ಲಿತ್ತು. ಅದು ಅಧಿಕೃತವಾಗಿ ಬದಲಾದದ್ದು 2014ರ ನವೆಂಬರ್ 1ರಂದು, ಅದಕ್ಕೆ ಮುಂಚಿನ ಅಂಗಡಿ ಚೀಟಿಗಳಲ್ಲಿ ಸಾಮಾನ್ಯವಾಗಿ ‘ಮೈಸೋರ್’ ಎಂದೇ ಇರುತ್ತಿತ್ತು. ಇಂಥ ಇನ್ನೆರಡು ಗುರುತು ನೆನಪಿಟ್ಟುಕೊಳ್ಳಿ. 890ರಿಂದ ಶುರುವಾಗುವ ಬಾರ್‌ಕೋಡ್ ಭಾರತದ್ದು, ಅದನ್ನು ಹಂಚುವ ಸಂಸ್ಥೆ ನಮ್ಮಲ್ಲಿ ಆರಂಭವಾದದ್ದು 1996ರಲ್ಲಿ. ಹಾಗಾಗಿ ‘1988ರ ಪ್ಯಾಕ್’ ಮೇಲೆ ಅದು ಇರಲು ಸಾಧ್ಯವಿಲ್ಲ. ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯವಾದದ್ದು 2021ರ ಜನವರಿಯಿಂದ. ತಾತನ ಕಾಲದ ಸ್ಟಾಕಿನ ಮೇಲೆ ಅದು ಕಂಡರೆ ಬೇರೇನೂ ಕೇಳಬೇಕಿಲ್ಲ.

ಬಿಡಿಭಾಗಗಳು ಬೇರೆ ಕಥೆ. ಹೀ-ಮ್ಯಾನ್ ಜೊತೆ ಬರಬೇಕಾದದ್ದು ಎದೆಕವಚ, ಕೊಡಲಿ, ಗುರಾಣಿ, ಬೂದುಬಣ್ಣದ ಅರ್ಧ ಕತ್ತಿ. ಅವನ ವೈರಿ ಸ್ಕೆಲೆಟರ್ ಗೊಂಬೆಯ ನೇರಳೆ ಅರ್ಧ ಕತ್ತಿಯ ಜೊತೆ ಇದು ಜೋಡಿಯಾಗಬೇಕು. ಇಲ್ಲಿ ಬಂದ ಕತ್ತಿ ಹೊಸ ಎರಕ. ಅಸಲಿಯಿಂದ ಅಚ್ಚು ತೆಗೆದು ರೆಸಿನ್ (ದ್ರವ ಪ್ಲಾಸ್ಟಿಕ್) ಸುರಿದರೆ ಅದು ಗಟ್ಟಿಯಾಗುವಾಗ ಕೊಂಚ ಕುಗ್ಗುತ್ತದೆ, ಆದ್ದರಿಂದ ನಕಲು ಅಸಲಿಗಿಂತ ಕೂದಲೆಳೆಯಷ್ಟು ಚಿಕ್ಕದಾಗಿ ಜೋಡಿ ಸಡಿಲವಾಗುತ್ತದೆ. ಹಿಡಿಯ ಮೂಲೆಗಳಲ್ಲಿ ಸೂಜಿಮೊನೆಯಷ್ಟು ಗಾಳಿತೂತುಗಳೂ ಇದ್ದವು. ತ್ರಿ-ಡಿ ಮುದ್ರಣದ್ದಾದರೆ ಓರೆ ಬೆಳಕಿನಲ್ಲಿ ಪದರದ ಗೆರೆಗಳು ಎದ್ದು ಕಾಣುತ್ತವೆ. ಕಾಯಿಸಿದ ಸೂಜಿ ಚುಚ್ಚಿ ನೋಡುವ ಪರೀಕ್ಷೆ ದಯವಿಟ್ಟು ಬೇಡ, ಅಸಲಿಯಾಗಿದ್ದರೆ ನೀವೇ ಹಾಳುಮಾಡಿದಂತೆ.

ಗೊಂಬೆಯ ದೇಹಕ್ಕೆ ಬಂದರೆ, ಸೊಂಟ ತಿರುಗಿಸಿ ಬಿಟ್ಟಾಗ ಒಳಗಿನ ಸ್ಪ್ರಿಂಗ್ ಅದನ್ನು ರಪ್ಪನೆ ವಾಪಸ್ ತರಬೇಕು. ಕಾಲುಗಳನ್ನು ಹಿಡಿದಿರುವುದು ಒಳಗಿನ ರಬ್ಬರ್. ಅದು ಒಣಗಿ ಸಡಿಲವಾಗುವುದು ವಯಸ್ಸಿನ ಸಹಜ ಲಕ್ಷಣ, ದೋಷವಲ್ಲ. ಆದರೆ ‘ಎಂದೂ ತೆಗೆದಿಲ್ಲ’ ಎನ್ನುವ ಗೊಂಬೆಯ ಬೂಟಿನ ಬಣ್ಣ ಹಿಮ್ಮಡಿಯಲ್ಲಿ ಸವೆದಿದ್ದರೆ ಅದು ಸುಳ್ಳು. ಫನ್‌ಸ್ಕೂಲ್ ಕಂಪನಿಯ ಜಿ.ಐ. ಜೋ ಸೈನಿಕ ಗೊಂಬೆಯಾದರೆ ಬೆನ್ನಿನ ಸ್ಕ್ರೂ ತಲೆ ನೋಡಿ. ಅಲ್ಲಿ ಗೀರಿದ್ದರೆ ಯಾರೋ ಬಿಚ್ಚಿದ್ದಾರೆ, ಒಳಗಿನ ರಬ್ಬರ್ ಉಂಗುರವನ್ನೋ ಕೈಕಾಲನ್ನೋ ಬದಲಿಸಿರಬಹುದು. ಹೆಬ್ಬೆರಳು ಮತ್ತು ತೊಡೆಸಂದು ಮುರಿದು ಅಂಟಿಸಿದೆಯೇ ಎಂಬುದನ್ನೂ ನೋಡಿ, ಈ ಗೊಂಬೆಗಳಲ್ಲಿ ಮೊದಲು ಮುರಿಯುವ ಜಾಗಗಳು ಅವೇ. ಹಳದಿಯಾದ ಪ್ಲಾಸ್ಟಿಕ್ಕನ್ನು ಪೆರಾಕ್ಸೈಡ್ ಹಚ್ಚಿ ಬಿಸಿಲಿಗಿಟ್ಟು ಬಿಳುಪು ಮಾಡುವುದುಂಟು. ಬಿಳುಪು ತೇಪೆತೇಪೆಯಾಗಿದ್ದರೆ ಅದೇ ಗುರುತು, ಹಳದಿ ಮತ್ತೆ ಮರಳುವ ಸಾಧ್ಯತೆಯೇ ಹೆಚ್ಚು.

ಕೋರ್ಗಿ ಕಾರಿನ ವಿಷಯ ಚಿಕ್ಕದು. ಇದರ ಮಾದರಿ ಸಂಖ್ಯೆ 267, ಬಂದದ್ದು 1966ರಲ್ಲಿ. ಮುಂಭಾಗದಿಂದ ಸರಪಳಿ ಕತ್ತರಿಸುವ ಅಲಗು ಚಿಮ್ಮಬೇಕು, ಹಿಂದಿನ ಮೂರು ಕೊಳವೆಗಳಿಂದ ಪ್ಲಾಸ್ಟಿಕ್ ರಾಕೆಟ್ ಹಾರಬೇಕು. ಪೆಟ್ಟಿಗೆಯಲ್ಲಿ 12 ರಾಕೆಟ್ ಕೊಡುತ್ತಿದ್ದರು. ರಾಕೆಟ್, ಗೊಂಬೆ, ಟೈರು ಎಲ್ಲದಕ್ಕೂ ಹೊಸ ಬದಲಿ ಭಾಗಗಳು ಬಹಿರಂಗವಾಗಿ ಸಿಗುತ್ತವೆ. ಬದಲಿಸಿದ್ದು ತಪ್ಪಲ್ಲ, ಹೇಳದೆ ಮಾರುವುದು ತಪ್ಪು. ಗಾಡಿಯನ್ನು ತಿರುಗಿಸಿ ತಳವನ್ನು ಹಿಡಿದಿರುವ ರಿವೆಟ್ (ಲೋಹದ ಮೊಳೆ) ನೋಡಿ. ಕಾರ್ಖಾನೆಯದಾದರೆ ತಲೆ ನುಣ್ಣಗೆ ಉಬ್ಬಿರುತ್ತದೆ. ಇದರಲ್ಲಿ ರಿವೆಟ್ ಕೊರೆದು, ಬಿಚ್ಚಿ, ಹೊಸ ಕಪ್ಪು ಬಣ್ಣ ಹೊಡೆದು, ಅರಾಲ್ಡೈಟ್ ಹಾಕಿ ಮುಚ್ಚಿದ್ದರು. ಆ ಅಂಟು ಒಳಗೆ ಇಳಿದು ಅಲಗೂ ಕಚ್ಚಿಕೊಂಡಿತ್ತು.

ಫೋಟೊ ಕಂಡಾಗ ನಿಜಕ್ಕೂ ಬೇಸರವಾಯಿತು. ಕಥೆ ಬರೆದ ಆರ್.ಕೆ. ನಾರಾಯಣ್ ನಮ್ಮ ಯಾದವಗಿರಿಯ ಮನೆಯಲ್ಲಿದ್ದವರು. ಮಾಲ್ಗುಡಿ ಎಂದರೆ ಮೈಸೂರಿನವರು ಮರುಮಾತಿಲ್ಲದೆ ಜೇಬಿಗೆ ಕೈ ಹಾಕುತ್ತಾರೆ ಎಂಬುದು ಮಾರುವವರಿಗೂ ಗೊತ್ತು. ಶಂಕರ್‌ನಾಗ್ ತೀರಿಕೊಂಡದ್ದು 1990ರ ಸೆಪ್ಟೆಂಬರ್ 30ರಂದು. ಈ ಫೋಟೊ ಕಾಗದದ ಹಿಂಬದಿಯಲ್ಲಿ ಫ್ಯೂಜಿಕಲರ್ ಕ್ರಿಸ್ಟಲ್ ಆರ್ಕೈವ್ ಎಂಬ ಮಸುಕು ಬರಹವಿತ್ತು. ಆ ಕಾಗದ ಬಂದದ್ದೇ ಅವರು ಹೋದ ಮೇಲೆ. ಸಹಿ ಮಾಡಿದ ಯಾವುದೇ ಫೋಟೊದ ಹಿಂಬದಿಯನ್ನು ಮೊದಲು ಕೇಳಿ. ಆಮೇಲೆ ಬೆಳಕಿಗೆ ಓರೆ ಮಾಡಿ ನೋಡಿ: ಪೆನ್ನಿನ ಸಹಿಯಾದರೆ ಶಾಯಿ ಕಾಗದದ ಹೊಳಪಿನ ಮೇಲೆ ಬೇರೆಯಾಗಿ ಕೂತಿರುತ್ತದೆ, ಸಹಿಯೂ ಚಿತ್ರದ ಜೊತೆಗೇ ಮುದ್ರಣವಾಗಿದ್ದರೆ ಹೊಳಪು ಎಲ್ಲೂ ತುಂಡಾಗುವುದಿಲ್ಲ.

ಕೊಳ್ಳುವ ಮುಂಚೆ ಹೀಗೆ ಕೇಳಿ. ರಟ್ಟಿನ ನಾಲ್ಕು ಮೂಲೆ, ಗುಳ್ಳೆಯ ಸುತ್ತಂಚು, ಹಿಂಬದಿ, ಬೆಲೆಚೀಟಿ, ಪ್ರತಿಯೊಂದು ಬಿಡಿಭಾಗ ಸ್ಕೇಲಿನ ಪಕ್ಕ, ಹೀಗೆ ಒಂದೊಂದಕ್ಕೂ ಬೇರೆ ಫೋಟೊ. ಕುಗ್ಗದಿರಲು ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ. ಅಂದಿನ ದಿನಪತ್ರಿಕೆ ಪಕ್ಕದಲ್ಲಿಟ್ಟು ಒಂದು ವಿಡಿಯೊ ಕರೆ ಮಾಡಿಸಿ. ಮಂಡ್ಯ, ಮೈಸೂರು, ಬೆಂಗಳೂರು ಅಷ್ಟೇ ದೂರವಾದರೆ ಬಸ್ಸು ಹತ್ತಿ ಹೋಗಿ ನೋಡುವುದೇ ಅಗ್ಗ. ಆಗದಿದ್ದರೆ ಮುಂಗಡ ಸ್ವಲ್ಪವೇ ಕೊಟ್ಟು, ‘ಎಲ್ಲ ಭಾಗವೂ ಅಸಲಿ, ರಟ್ಟು ಮರುಮುದ್ರಣವಲ್ಲ, ಇಲ್ಲದಿದ್ದರೆ ವಾಪಸ್’ ಎಂಬ ಮಾತನ್ನು ಬರಹದಲ್ಲಿ ಪಡೆಯಿರಿ. ದುಡ್ಡು ವಾಪಸ್ ಪಡೆಯಲು ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಒತ್ತಿ ಎಂದರೆ ಒತ್ತಬೇಡಿ. ಪಿನ್ ಬೇಕಾಗುವುದು ನಿಮ್ಮ ದುಡ್ಡು ಹೋಗುವಾಗ ಮಾತ್ರ.

ಪಾರ್ಸೆಲ್ ಬಂದಾಗ ಮುಚ್ಚಿದ ಡಬ್ಬಿಯಿಂದ ಹಿಡಿದು ವಸ್ತು ಹೊರಬರುವವರೆಗೆ ನಡುವೆ ನಿಲ್ಲಿಸದೆ ವಿಡಿಯೊ ಮಾಡಿ. ಮೋಸ ಎಂದು ಗೊತ್ತಾದರೆ ಮಾರಿದವನ ಜೊತೆ ವಾರಗಟ್ಟಲೆ ಚೌಕಾಸಿಗೆ ಕೂರಬೇಡಿ. ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ವಹಿವಾಟು ಸಂಖ್ಯೆ ಕೊಡಿ, ಬ್ಯಾಂಕಿಗೂ ತಿಳಿಸಿ, ಆಮೇಲೆ ಸೆನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧ) ಪೊಲೀಸ್ ಠಾಣೆಗೆ ಹೋಗಿ. ದುಡ್ಡು ಇನ್ನೊಂದು ಖಾತೆಗೆ ದಾಟುವ ಮುಂಚೆ ತಡೆಯಲು ಇರುವ ಹೊತ್ತು ಕಡಿಮೆ. ಪಾರ್ಸೆಲ್‌ನ ಹೊರಕವಚ, ಕೊರಿಯರ್ ಚೀಟಿ, ಮಾತುಕತೆಯ ಸ್ಕ್ರೀನ್‌ಶಾಟ್ ಯಾವುದನ್ನೂ ಎಸೆಯಬೇಡಿ. ಪ್ರಕರಣ ಮುಗಿದ ಮೇಲೆ, ವಸ್ತು ನಿಮ್ಮಲ್ಲೇ ಉಳಿದರೆ, ರಟ್ಟಿನ ಹಿಂಬದಿಯಲ್ಲಿ ಅಳಿಸಲಾಗದ ಶಾಯಿಯಿಂದ ‘ಮರುಮುದ್ರಣ’ ಎಂದು ಬರೆದಿಡಿ. ಮುಂದೆ ನಿಮ್ಮ ಮನೆಯವರು ತಿಳಿಯದೆ ಮಾರಿದರೂ ಇನ್ನೊಬ್ಬರು ಅದನ್ನು ಅಸಲಿ ಎಂದು ಕೊಳ್ಳಬಾರದು.